ಬಿಸಿಲು ತಾಳೋದು ಶೌರ್ಯ ಅಲ್ಲರೀ

‘ಮಿಲಿಟರಿ ಗಾಡಿಗೆ ಎ.ಸಿ. ಹಾಕಸ್ತಿ ಏನೋ? ಮಾನ ಮರ್ಯಾದಿ ಅದಾ ಇಲ್ಲೋ?’

ಸೇನೆಯ ಹರಾಜಿನಿಂದ ಬಂದ ಜಿಪ್ಸಿ ಇಟ್ಟುಕೊಂಡು, ಅದಕ್ಕೆ ಎ.ಸಿ. ಕೂಡಿಸುವ ಮಾತು ಎತ್ತಿದವರು ಕಲಬುರಗಿಯಲ್ಲಿ ಈ ಪ್ರಶ್ನೆಯಿಂದ ಪಾರಾಗೋದಿಲ್ಲ. ನಾನು ಚಹಾದಂಗಡಿಯಲ್ಲಿ ಕೇಳಿಸಿಕೊಂಡಿದ್ದೇನೆ, ಗ್ಯಾರೇಜಿನಲ್ಲಿ ಕೇಳಿಸಿಕೊಂಡಿದ್ದೇನೆ, ಕಮಲಾಪುರದಲ್ಲಿ ಬೀಗರ ಮನೆ ಕಟ್ಟೆಯ ಮೇಲೂ ಕೇಳಿಸಿಕೊಂಡಿದ್ದೇನೆ. ಕೇಳುವವರಲ್ಲಿ ಎರಡು ಬಗೆ. ‘ಗಾಡಿ ಒರಿಜಿನಲ್ ಇರಬೇಕು, ಆಗಲೇ ಅದಕ್ಕ ಕಿಮ್ಮತ್ತು’ ಅನ್ನುವ ಹುಡುಗರು ಒಂದು ಕಡೆ. ‘ನಾವು ಬಿಸಿಲಾಗ ಹುಟ್ಟಿ ಬಿಸಿಲಾಗ ಬೆಳದವ್ರು’ ಅನ್ನುವ ಹಿರಿಯರು ಇನ್ನೊಂದು ಕಡೆ. ವಯಸ್ಸು ಬೇರೆ, ನಂಬಿಕೆ ಒಂದೇ. ಸೆಕೆ ತಾಳಿಕೊಂಡವನು ಗಂಡಸು, ತಂಪು ಬೇಡಿದವನು ನಾಜೂಕು. ಈ ನಂಬಿಕೆ ಜಿಪ್ಸಿಯ ಮಾಲೀಕನನ್ನು ಮೂದಲಿಸುವುದಕ್ಕೆ ಮುಗಿದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಅದು ಎಲ್ಲಿ ಹೋಗಿ ಮುಟ್ಟುತ್ತದೆ ಅಂತ ಕೊನೆಗೆ ಹೇಳುತ್ತೇನೆ.

ಮೊದಲು ‘ಒರಿಜಿನಲ್’ ಮಂದಿಯ ಲೆಕ್ಕ ಚುಕ್ತಾ ಮಾಡೋಣ.

ಮಾರುತಿ ಜಿಪ್ಸಿ ಬಂದಿದ್ದು 1985ರಲ್ಲಿ. ಜಪಾನಿನ ಸುಜುಕಿ ಕಂಪನಿಯ ಎಸ್‌ಜೆ 410 ಎಂಬ ಗಾಡಿಯನ್ನು ಉದ್ದ ಮಾಡಿದ ರೂಪ ಅದು. ಮೊದಲಿಗೆ 970 ಸಿ.ಸಿ. ಎಂಜಿನ್, 1996ರಲ್ಲಿ 1.3 ಲೀಟರಿನದು. ದಶಕಗಳ ಕಾಲ ಸೈನ್ಯ ಇದನ್ನೇ ಗುಡ್ಡಕ್ಕೂ ಮರಳಿಗೂ ಹತ್ತಿಸಿ ಓಡಿಸಿತು. ಕಂಪನಿ ಇದಕ್ಕೆ ಎ.ಸಿ. ಕೊಡಲಿಲ್ಲ, ಖರೆ. ಆದರೆ ಕೊಡದೇ ಇದ್ದದ್ದನ್ನೇ ಸೈನ್ಯದ ಸಿದ್ಧಾಂತ ಅಂತ ಯಾರು ಹೇಳಿದರು?

ಸೈನ್ಯ ಏನು ಹೇಳಿತು ನೋಡ್ರಿ. ಜಿಪ್ಸಿಯ ಜಾಗಕ್ಕೆ ಹೊಸ ಗಾಡಿ ಹುಡುಕಲು ಹೊರಟಾಗ ಅದು ಮುಂದಿಟ್ಟ ಬೇಡಿಕೆಗಳಲ್ಲಿ ಮೂರು ಮುಖ್ಯ: 800 ಕೆ.ಜಿ. ಭಾರ ಹೊರಬೇಕು, ಗಟ್ಟಿ ಮಾಡು ಇರಬೇಕು, ಎ.ಸಿ. ಇರಬೇಕು. ಅದರಂತೆ 2017ರಲ್ಲಿ 3,192 ಟಾಟಾ ಸಫಾರಿ ಸ್ಟಾರ್ಮ್ ಗಾಡಿಗಳಿಗೆ ಆರ್ಡರ್ ಹೋಯಿತು. ಅಂದರೆ ಬಟ್ಟೆ ಮಾಡಿನ, ಎ.ಸಿ. ಇಲ್ಲದ ಗಾಡಿ ಸಾಕು ಅಂತ ಸೈನ್ಯವೇ ಕೈಬಿಟ್ಟಿದೆ. ಅದು ಬಿಟ್ಟ ಸೆಕೆಯನ್ನು ನಮ್ಮ ಹುಡುಗರು ಹರಾಜಿನಲ್ಲಿ ದುಡ್ಡು ಕೊಟ್ಟು ತಂದು ಪೂಜೆ ಮಾಡುತ್ತಿದ್ದಾರೆ.

ಇದಕ್ಕಿಂತ ದೊಡ್ಡ ಉದಾಹರಣೆ ಟ್ಯಾಂಕಿನದು. 2001ರಲ್ಲಿ ಭಾರತ ರಷ್ಯಾದೊಂದಿಗೆ 310 ಟಿ-90 ಟ್ಯಾಂಕುಗಳ ಒಪ್ಪಂದ ಮಾಡಿಕೊಂಡಿತು. ಕತ್ತಲಲ್ಲಿ ಗುರಿ ನೋಡಲು ಅದರಲ್ಲಿ ಫ್ರಾನ್ಸಿನ ಥರ್ಮಲ್ ಕ್ಯಾಮೆರಾ ಇತ್ತು. ಥಾರ್ ಮರುಭೂಮಿಯ ಬಿಸಿಲಿಗೆ ಟ್ಯಾಂಕಿನ ಒಳಗೆ ಏರಿದ ಶಾಖಕ್ಕೆ ಆ ಕ್ಯಾಮೆರಾಗಳು ಕೈಕೊಟ್ಟವು. ಆಗ ಶುರುವಾಯಿತು, ಟ್ಯಾಂಕಿಗೆ ಆಮೇಲಿಂದ ಎ.ಸಿ. ಕೂಡಿಸುವ ಚರ್ಚೆ. ಅದೇ ಟ್ಯಾಂಕಿನೊಳಗೆ, ಅದೇ ಶಾಖದಲ್ಲಿ ಮೂರು ಜನ ಸೈನಿಕರು ಕೂತಿದ್ದರು. ಅವರು ಕೆಟ್ಟು ನಿಲ್ಲಲಿಲ್ಲ, ಹಾಗಾಗಿ ಸುದ್ದಿಯಾಗಲಿಲ್ಲ. ಯಂತ್ರ ಕೆಟ್ಟ ಮೇಲೆಯೇ ತಂಪಿನ ಮಾತು ಬಂತು.

ಇನ್ನು ‘ಒರಿಜಿನಲ್’ ಅನ್ನುವ ಪದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಡಿಸ್ಪೋಸಲ್‌ನಲ್ಲಿ ಮಾರಾಟವಾದ ವಿಲ್ಲೀಸ್ ಜೀಪುಗಳಿಗೆ ಬಾಗಿಲೇ ಇರಲಿಲ್ಲ. ಕೊಂಡ ನಮ್ಮ ಜನ ಅದಕ್ಕೆ ಬಾಗಿಲು ಕೂಡಿಸಿದರು, ತಗಡಿನ ಮಾಡು ಹಾಕಿದರು, ಹಿಂದೆ ಎದುರುಬದುರು ಬೆಂಚು ಇಟ್ಟರು. ಮಿಲಿಟರಿ ಗಾಡಿ ಊರಿಗೆ ಬಂದ ಮೇಲೆ ಊರಿನ ಕೆಲಸಕ್ಕೆ ತಕ್ಕಂತೆ ಬದಲಾಗೋದು ಎಂಬತ್ತು ವರ್ಷದ ರಿವಾಜು. ಆಗ ಬಾಗಿಲು ಬೇಕಾಗಿತ್ತು, ಈಗ ತಂಪು ಬೇಕಾಗಿದೆ.

ಈಗ ಹಿರಿಯರ ಮಾತಿಗೆ ಬರ್ತೀನಿ. ಕಾಕಾ, ನಿಮ್ಮ ಮೇಲೆ ಗೌರವ ಅದ. ಆದರೆ ಲೆಕ್ಕ ಬೇರೆ ಹೇಳ್ತದ.

ಏಪ್ರಿಲ್–ಮೇ ಬಂತೆಂದರೆ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ಬದಲಾಗುತ್ತದೆ. ಬಿಸಿಲು ಜಾಸ್ತಿ, ಮನುಷ್ಯ ಕೆಲಸ ಮಾಡಲಾರ ಅಂತ ಸರಕಾರವೇ ಒಪ್ಪಿ ಸಹಿ ಹಾಕುವ ಆದೇಶ ಇದು. ಒಳ್ಳೆಯದೇ. ಆದರೆ ಒಂದೂವರೆಗೆ ಕಚೇರಿ ಬಿಟ್ಟವರು ಎಲ್ಲಿ ಹೋಗುತ್ತಾರೆ? ಕಮಲಾಪುರದಲ್ಲಿ ಕೆಲಸ, ಕಲಬುರಗಿಯಲ್ಲಿ ಮನೆ ಇದ್ದವರು ಬರೋಬ್ಬರಿ ರಣಬಿಸಿಲಿನ ಹೊತ್ತಿಗೆ ರಸ್ತೆಗೆ ಇಳಿಯುತ್ತಾರೆ. ಹುಮನಾಬಾದ್ ದಾರಿಯಲ್ಲಿ 35–40 ಕಿ.ಮೀ. ಕಚೇರಿಯಲ್ಲಾದರೆ ತಲೆಯ ಮೇಲೆ ಫ್ಯಾನ್ ಇತ್ತು, ಶಹಾಬಾದ್ ಫರಸಿಯ ನೆಲ ಇತ್ತು. ಗಾಡಿಯಲ್ಲಿ ಮೇಲೆ ಕಾದ ಮಾಡು, ಕಾಲ ಕೆಳಗೆ ಎಂಜಿನ್ನಿನ ಶಾಖ, ಮುಂದೆ ಗಾಜಿನಿಂದ ನೇರ ಬಿಸಿಲು.

‘ಗಾಳಿ ಆಡ್ತದಲ್ಲೋ, ಕಿಟಕಿ ತೆಗದಿಟ್ರ ಸಾಕು’ ಅಂತಾರೆ. ನಮ್ಮ ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಹೊರಗಿನ ಗಾಳಿ 43 ಇದ್ದಾಗ ಅದು ಬಡಿದಷ್ಟೂ ಮೈಗೆ ಶಾಖ ತುಂಬುತ್ತದೆ. ಹಿತ ಅನಿಸೋದು ಬೆವರು ಆರುವುದರಿಂದ. ನಮ್ಮದು ಒಣ ಹವೆ, ಬೆವರು ಬಂದ ಕ್ಷಣವೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗುವುದಿಲ್ಲ, ಹಾಗಾಗಿ ಬೆವರೇ ಇಲ್ಲ ಅಂದುಕೊಳ್ಳುತ್ತಾನೆ ಮನುಷ್ಯ. ನೀರು ಕುಡಿಯುವುದಿಲ್ಲ. ಮೊದಲು ತಲೆನೋವು, ಆಮೇಲೆ ಸಿಡಿಮಿಡಿ, ಆಮೇಲೆ ಮಂಪರು. ಬ್ರೇಕಿನ ಮೇಲೆ ಕಾಲು ಹೋಗುವುದು ಅರೆಕ್ಷಣ ತಡ. ಮೈಯೊಳಗಿನ ಶಾಖ 40 ಡಿಗ್ರಿ ದಾಟಿ, ಮಾತು ತೊದಲಿ, ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಅದಕ್ಕೆ ಆಸ್ಪತ್ರೆ ಬೇಕು, ಮಜ್ಜಿಗೆ ಸಾಲದು. ಬಿಸಿಲಿನಲ್ಲಿ ಹುಟ್ಟಿದವರಿಗೆ ಸ್ವಲ್ಪ ರೂಢಿ ಇರುತ್ತದೆ, ಒಪ್ಪುತ್ತೇನೆ. ಆದರೆ ರೂಢಿಗೂ ಒಂದು ಗಡಿ ಇದೆ. ಆ ಗಡಿ ಕಲಬುರಗಿಯವನಿಗೂ ಬೆಂಗಳೂರಿನವನಿಗೂ ಕೆಲವೇ ಡಿಗ್ರಿ ಅಂತರದಲ್ಲಿ ಇದೆ.

ಹಾಗಂತ ಯಾರದೋ ಕೈಗೆ ಗಾಡಿ ಕೊಟ್ಟು ‘ಎ.ಸಿ. ಕೂಡಸ್ರಿ’ ಅಂದುಬಿಡುವವರ ಪರ ನಾನಿಲ್ಲ. ನಮ್ಮಲ್ಲಿ ಈ ಕೆಲಸ ತಿರುಗುಮುರುಗಾಗಿ ನಡೆಯುತ್ತದೆ. ಮೊದಲು ಕಂಪ್ರೆಸರ್ ಕೂಡಿಸುತ್ತಾರೆ, ಆಮೇಲೆ ‘ತಂಪೇ ಆಗವಲ್ದು’ ಅಂತ ತಲೆ ಕೆರೆದುಕೊಳ್ಳುತ್ತಾರೆ. ಆಮೇಲೆ ‘ನಾ ಹೇಳಿರಲಿಲ್ಲೇನು’ ಅನ್ನುವವರ ಬಾಯಿಗೆ ಸಕ್ಕರೆ.

ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋವ್ಯಾಟ್ ಶಾಖ ಸುರಿಯುತ್ತದೆ. ಜಿಪ್ಸಿಯ ಮಾಡಿನ ಮೇಲೆ ಬೀಳುವುದೇ ಎರಡು-ಮೂರು ಕಿಲೋವ್ಯಾಟ್. ಒಂದು ಟನ್ನಿನ ಎ.ಸಿ. ಹೊರಹಾಕುವುದು ಸುಮಾರು 3.5 ಕಿಲೋವ್ಯಾಟ್. ಸೇನೆಯ ಜಿಪ್ಸಿಗೆ ಇರುವುದು ಬಟ್ಟೆಯ ಮಾಡು, ಅಂಚಿಗೆಲ್ಲ ಸಂದು. ಅದರೊಳಗೆ ಎ.ಸಿ. ಓಡಿಸೋದು ತೂತು ಬಿದ್ದ ಕೊಡಕ್ಕೆ ನೀರು ಸೇದಿದಂಗ. ಆದ್ದರಿಂದ ಮೊದಲು ಮಾಡು, ಸಂದುಗಳಿಗೆ ರಬ್ಬರು, ಮಾಡಿನ ಒಳಗೂ ಕಾಲಡಿಯ ತಗಡಿಗೂ ಶಾಖ ತಡೆಯುವ ಪದರ.

ಎರಡನೆಯದು ರೇಡಿಯೇಟರ್. ಎ.ಸಿ.ಯ ಕಂಡೆನ್ಸರ್ ಅದರ ಮುಂದೆಯೇ ಕೂರುತ್ತದೆ, ಬರುವ ಗಾಳಿಯನ್ನು ತಾನೇ ಬಿಸಿ ಮಾಡಿ ಹಿಂದಕ್ಕೆ ಕೊಡುತ್ತದೆ. ಹಳೆಯ ರೇಡಿಯೇಟರಿನಲ್ಲಿ ಅರ್ಧ ಕೊಳವೆ ಕಟ್ಟಿಕೊಂಡಿದ್ದರೆ ಕಮಲಾಪುರ ಮುಟ್ಟುವ ಮೊದಲೇ ಎಂಜಿನ್ ಕುದಿಯುತ್ತದೆ. ಅದನ್ನು ಬಿಚ್ಚಿ ತೊಳೆಸಿ, ಮುಂದೆ ಕರೆಂಟಿನ ಫ್ಯಾನ್ ಕೊಡಿಸಿ. ಮೂರನೆಯದು ಆಲ್ಟರ್ನೇಟರ್. ಬ್ಲೋವರ್, ಫ್ಯಾನ್, ಹೆಡ್‌ಲೈಟ್ ಮೂರನ್ನೂ ಒಟ್ಟಿಗೆ ನಡೆಸುವ ತಾಕತ್ತು ಅದಕ್ಕೆ ಬೇಕು. ಇದೆಲ್ಲ ಆದ ಮೇಲೆ ಕಂಪ್ರೆಸರ್. ಮಾರುತಿ ಎಸ್ಟೀಮ್ ಕಾರಿನ ಎಂಜಿನ್ನೂ 1.3 ಲೀಟರ್ ಜಿಪ್ಸಿಯ ಎಂಜಿನ್ನೂ ಒಂದೇ ಕುಲದವು, ತಿಳಿದ ಮಿಸ್ತ್ರಿ ಆ ಸಾಮಾನಿನಿಂದಲೇ ದಾರಿ ಮಾಡುತ್ತಾನೆ. 970 ಸಿ.ಸಿ. ಗಾಡಿ ಇದ್ದವರು ಈ ಆಸೆ ಬಿಡೋದು ವಾಸಿ. ಇರೋದೇ ಸಣ್ಣ ಶಕ್ತಿ, ಅದರಲ್ಲಿ ಕಂಪ್ರೆಸರ್ ತನ್ನ ಪಾಲು ಕೇಳುತ್ತದೆ.

ಗ್ಯಾಸಿನ ವಿಷಯದಲ್ಲಿ ಜಿಪುಣತನ ಬ್ಯಾಡ. ಪೈಪಿನೊಳಗಿನ ಗಾಳಿ, ತೇವ ಪೂರ್ತಿ ಎಳೆದು ವ್ಯಾಕ್ಯೂಮ್ ಮಾಡಿದ ಮೇಲೆಯೇ ಆರ್-134ಎ ತುಂಬಬೇಕು. ಲೀಕ್ ಹುಡುಕದೆ ಪ್ರತಿ ಬೇಸಿಗೆಗೆ ತುಂಬಿ ಕೊಡುವವನು ನಿಮ್ಮ ಜೇಬನ್ನೂ ಸುಡುತ್ತಾನೆ, ಹವೆಯನ್ನೂ ಸುಡುತ್ತಾನೆ. ಆ ಗ್ಯಾಸು ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಜೋರು. ಅಗ್ಗ ಅಂತ ಅಡುಗೆ ಗ್ಯಾಸಿನ ಜಾತಿಯದನ್ನು ತುಂಬುವವರ ಹತ್ತಿರವಂತೂ ಹೋಗಲೇಬೇಡಿ. ಮುಚ್ಚಿದ ಗಾಡಿಯೊಳಗೆ ಅದು ಸೋರಿದರೆ ಒಂದು ಕಿಡಿ ಸಾಕು.

ಕಾಗದಪತ್ರವೂ ಅಷ್ಟೇ ಮುಖ್ಯ. ಬಾಣದ ಗುರುತಿನ ನಂಬರ್ ಪ್ಲೇಟು ಸೈನ್ಯದ ಜೊತೆಗೇ ಮುಗಿಯಿತು. ಇಲ್ಲಿ ಕೆಎ-32 ನೋಂದಣಿ ಆಗದೆ ಗಾಡಿ ರಸ್ತೆಗೆ ಬರುವಂತಿಲ್ಲ. 2023ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಸರಕಾರಿ ವಾಹನಗಳು ಗುಜರಿಗೇ ಹೋಗಬೇಕು. ರಕ್ಷಣಾ ಕೆಲಸದ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ. ಗುಜರಿ ಅಂತ ಮಾರಿದ್ದನ್ನು ‘ಎಲ್ಲಾ ಆಗ್ತದ ಅಣ್ಣಾ’ ಅಂತ ನಿಮ್ಮ ತಲೆಗೆ ಕಟ್ಟುವವರಿದ್ದಾರೆ, ಎಚ್ಚರ. ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚಾಸಿ ಕೊಯ್ಯುವುದು, ಬೇರೆ ಎಂಜಿನ್ ಇಳಿಸುವುದು ದೂರದ ಮಾತು. ಎ.ಸಿ. ಕೂಡಿಸುವ ಮುಂಚೆಯೂ ಆರ್.ಟಿ.ಓ.ಗೆ, ವಿಮಾ ಕಂಪನಿಗೆ ಬರೆದು ಕೇಳಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಒಂದು ಆಕ್ಷೇಪಣೆಗೆ ಮಾತ್ರ ನಾನು ತಲೆಬಾಗುತ್ತೇನೆ. ಎ.ಸಿ. ಅಂದರೆ ಒಳಗಿನ ಶಾಖ ಹೊರಗೆ ಎಸೆಯೋದು. ನನ್ನ ತಂಪು ಬೀದಿಯಲ್ಲಿ ನಿಂತವನ ಸೆಕೆ. ಪೆಟ್ರೋಲು ಸುಡೋದು ಬೇರೆ. ಖರೆ ಮಾತು. ಆದ್ದರಿಂದ ನಿಂತ ಗಾಡಿಯಲ್ಲಿ ಎಂಜಿನ್ ಓಡಿಸಿಕೊಂಡು ಫೋನ್ ತಿಕ್ಕುತ್ತಾ ಕೂರುವವರನ್ನು ನಾನೂ ಬೈಯುತ್ತೇನೆ. ಆದರೆ ಈ ವಾದ ಮಾಡುವವರಲ್ಲಿ ಬಹಳ ಮಂದಿ ತಮ್ಮ ಮಲಗುವ ಕೋಣೆಯ ಎ.ಸಿ. 20ಕ್ಕೆ ಇಟ್ಟು ಹೊದ್ದು ಮಲಗುವವರು. ಗೋಡೆ, ನೆರಳು, ನೀರು ಎಲ್ಲ ಇದ್ದವರಿಗೆ ತಂಪು ಹಕ್ಕು, ತಗಡಿನ ಡಬ್ಬಿಯೊಳಗೆ ಕೂತವನಿಗೆ ಮಾತ್ರ ಪರಿಸರದ ಪಾಠ!

ಈಗ ಆ ನಂಬಿಕೆ ಎಲ್ಲಿ ಮುಟ್ಟುತ್ತದೆ ಅನ್ನೋದಕ್ಕೆ ಬರುತ್ತೇನೆ. ಜಿಪ್ಸಿ ಇದ್ದವನಿಗೆ ಆಯ್ಕೆ ಇದೆ. ಸೆಕೆ ಅನಿಸಿದರೆ ಮನೆಯಲ್ಲಿ ಕೂರಬಹುದು. ವಾಡಿ, ಸೇಡಂ ಕಡೆಯಿಂದ ಸಿಮೆಂಟು ಹೇರಿಕೊಂಡು ಹೋಗುವ ಲಾರಿಯವನಿಗೆ ಆ ಆಯ್ಕೆ ಇಲ್ಲ. ‘ಡ್ರೈವರಗ ಎ.ಸಿ. ಕೊಟ್ರ ನಿದ್ದಿ ಹೊಡೀತಾನ’ ಅಂತ ಎಷ್ಟು ದಶಕ ನಕ್ಕೆವು ನಾವು? ಕಡೆಗೆ 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿತು. 3.5 ಟನ್ನಿಗಿಂತ ಹೆಚ್ಚಿನ ಸರಕು ವಾಹನಗಳು 2025ರ ಅಕ್ಟೋಬರ್ 1ರಿಂದ ತಯಾರಾದರೆ ಚಾಲಕನ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ಬಹಳ ತಡವಾಗಿ ಬಂದ ಒಳ್ಳೆಯ ಕಾನೂನು. ಆದರೆ ಆ ದಿನದ ಹಿಂದಿನ ಲಾರಿಗಳು? ಅವು ಇನ್ನೂ ಹತ್ತು-ಹದಿನೈದು ವರ್ಷ ಇದೇ ರಸ್ತೆಯಲ್ಲಿ ಓಡುತ್ತವೆ. ಎಫ್.ಸಿ.ಗೆ ಹೋದಾಗ ಅವುಗಳ ವೈಪರ್ ನೋಡುತ್ತಾರೆ, ಹಾರನ್ ನೋಡುತ್ತಾರೆ. ಕ್ಯಾಬಿನ್ನಿನೊಳಗೆ ಎಷ್ಟು ಡಿಗ್ರಿ ಅಂತ ಯಾರೂ ನೋಡುವುದಿಲ್ಲ.

ಜಿಪ್ಸಿಗೆ ಆಗುವುದು ಲಾರಿಗೂ ಆಗುತ್ತದೆ. ಮಾಡಿಗೆ ಶಾಖ ತಡೆಯುವ ಪದರ ಹಾಕಲು ದೊಡ್ಡ ದುಡ್ಡೇನೂ ಬೇಡ. ನಮ್ಮ ಒಣ ಹವೆಗೆ 24 ವೋಲ್ಟಿನ ಬ್ಯಾಟರಿಯಲ್ಲಿ ನಡೆಯುವ ನೀರಿನ ಕೂಲರೂ ಕೆಲಸ ಕೊಡುತ್ತದೆ. ಲಾರಿ ಮಾಲೀಕರು ಟೈರಿಗೆ ಸಾಲ ಮಾಡುತ್ತಾರೆ, ಇದಕ್ಕೂ ಸಾಲ ಸಿಗುವಂತಾಗಲಿ, ಸರಕಾರ ಒಂದು ಪಾಲು ಹೊರಲಿ. ಕಮಲಾಪುರದ ಕೆಂಪು ಬಾಳೆಯ ಗೊನೆಯನ್ನು ನಾವು ಎಲೆ ಹೊದಿಸದೆ ಗಾಡಿಗೆ ಹೇರುವುದಿಲ್ಲ. ಗಾಡಿ ಓಡಿಸುವವನಿಗೆ ಅಷ್ಟಾದರೂ ಮಾಡೋಣ.

ಇಷ್ಟಾದರೂ ‘ಸೆಕಿ ಏನ್ ಮಾಡ್ತದೋ’ ಅನ್ನುವವರಿಗೆ ಒಂದು ಮಾತು. ಮೇ ತಿಂಗಳಲ್ಲಿ ಮಧ್ಯಾಹ್ನ ಒಂದೂವರೆಗೆ ಕಲಬುರಗಿಯಿಂದ ಹೊರಡುವ ಯಾವುದಾದರೂ ಹಳೇ ಲಾರಿಯ ಕ್ಯಾಬಿನ್ ಹತ್ತಿ. ಕಮಲಾಪುರ ದಾಟಿ, ಹುಮನಾಬಾದ್ ತನಕ ಹೋಗಿ. ಇಳಿದ ಮೇಲೆ ಆ ಡ್ರೈವರನ ಎದುರಿಗೇ ನಿಂತು ಇದೇ ಮಾತು ಹೇಳಿ ನೋಡ್ರಿ.