ಚಕ್ಕಣಕ್ಕೊಂದು ರಿಯಾಯಿತಿ

ಹಿಂದಿನ ಕಾಲದಲ್ಲಿ ಸಂಜೆಗೆ ಗೋಧೂಳಿಯೆಂಬ ಸುಂದರವಾದ ಹೆಸರೊಂದಿತ್ತು. ಮೇಯಲು ಹೋದ ದನಕರುಗಳು ಹಟ್ಟಿಗೆ ಮರಳುವಾಗ ಗೊರಸಿನಿಂದೆದ್ದ ಧೂಳು ಇಳಿಬಿಸಿಲಿನಲ್ಲಿ ಹೊನ್ನಾಗುತ್ತಿದ್ದ ಆ ಹೊತ್ತನ್ನು ನಮ್ಮ ಜೋಯಿಸರು ಮದುವೆಗೂ ಪ್ರಶಸ್ತವೆಂದು ಗಣಿಸಿದ್ದರು. ಬೆಂಗಳೂರಿನ ವೈಟ್‌ಫೀಲ್ಡಿನ ಮುಖ್ಯರಸ್ತೆಯಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯ ಸುತ್ತುಮುತ್ತಲೂ ಈಗ ಗೋವು ಮರೆಯಾಗಿ ಧೂಳಿಯೊಂದೇ ಉಳಿದುಕೊಂಡಿದೆ. ಮುಹೂರ್ತಕ್ಕೆ ಮಾತ್ರ ‘ಹ್ಯಾಪಿ ಅವರ್’ ಎಂಬ ಹೊಸ ನಾಮಕರಣವಾಗಿದೆ. ನಾಲ್ಕರಿಂದ ಏಳರವರೆಗೆ ಒಂದು ಗ್ಲಾಸು ಬಿಯರಿಗೆ ಇನ್ನೊಂದು ಉಚಿತವೆಂದು ಹೋಟೆಲಿನ ಬಾಗಿಲಲ್ಲಿ ಕರಿಹಲಗೆಯ ಮೇಲೆ ಬರೆದಿರುತ್ತಾರೆ. ಮೂರು ತಾಸುಗಳನ್ನು ಒಂದು ‘ಅವರ್’ ಎಂದೆಣಿಸುವ ಈ ಗಣಿತದ ಔದಾರ್ಯವನ್ನು ನಾನು ಆಕ್ಷೇಪಿಸುವವನಲ್ಲ.

ಇದೆಲ್ಲ ಪರದೇಶದಿಂದ ಬಂದ ಅನಾಚಾರವೆಂದು ಮುಖ ಸಿಂಡರಿಸುವ ಹಿರಿಯರೂ ಉಂಟು. ಮಹಾಕಾವ್ಯಕ್ಕೆ ಅವಶ್ಯವೆಂದು ಲಾಕ್ಷಣಿಕರು ವಿಧಿಸಿದ ಅಷ್ಟಾದಶ ವರ್ಣನೆಗಳಲ್ಲಿ ಚಂದ್ರೋದಯ ಸೂರ್ಯೋದಯಗಳ ಪಂಕ್ತಿಯಲ್ಲಿಯೇ ಮಧುಪಾನವೂ ಮರ್ಯಾದೆಯಿಂದ ಕುಳಿತಿರುವುದನ್ನು ಅವರು ಮರೆತಂತಿದೆ; ಕ್ರಿ.ಶ. 941ರ ಪಂಪನಾದರೋ, ಸುಭದ್ರೆಯ ವಿರಹದಲ್ಲಿ ನಿದ್ದೆಗೆಟ್ಟ ಅರ್ಜುನನನ್ನು ರಾತ್ರಿಯ ಬೀದಿಗಳಲ್ಲಿ ಸುತ್ತಾಡಿಸಿ, ಕುಡಿಯುವವರ ಗೋಷ್ಠಿಯನ್ನೂ ತೋರಿಸದೆ ಬಿಡಲಿಲ್ಲ. ಮದ್ಯದೊಡನೆ ನಂಚಿಕೊಳ್ಳುವ ತಿನಿಸಿಗೆ ಕನ್ನಡದಲ್ಲಿ ‘ಚಕ್ಕಣ’ವೆಂಬ ಹಳೆಯ ಮಾತೊಂದಿದೆ. ಇಂದು ‘ಸೈಡ್ಸ್’ ಎಂದು ಕರೆಸಿಕೊಂಡು ಮೂಲೆಗೆ ಸರಿದಿರುವ ಈ ಚಕ್ಕಣದ ಪರವಾಗಿಯೇ ನನ್ನ ವಕಾಲತ್ತು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು ಈಚೆಗೆ ನನ್ನನ್ನು ‘ಹ್ಯಾಪಿ ಅವರ್’ ಇರುವ ಹೋಟೆಲೊಂದಕ್ಕೆ ಕರೆದೊಯ್ದನು. ತನ್ನ ಅಧ್ಯಕ್ಷರಾಗಿದ್ದ ಆರ್. ಕೆ. ಬಾಳಿಗರ ಕನಸನ್ನು ನೆಚ್ಚಿ ರಾಜ್ಯ ಸರಕಾರದ ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಈ ನಗರಿಯನ್ನು ಕಟ್ಟತೊಡಗಿದಾಗ, ಆ ಹೊಲಗಳ ಆಸುಪಾಸಿನಲ್ಲಿ ಮುಂದೊಮ್ಮೆ ಉಕ್ಕಿನ ಹಂಡೆಗಳೊಳಗೆ ಬಿಯರು ಹುದುಗುವುದೆಂದು ಯಾರೂ ಊಹಿಸಿರಲಾರರು. ಸುತ್ತಣ ಮೇಜುಗಳಲ್ಲಿದ್ದವರನ್ನು ಗಮನಿಸಿದರೆ, ಬಹುಮಂದಿ ಕುಡಿತದ ಆಸೆಯಿಂದ ಬಂದವರಾಗಿ ತೋರಲಿಲ್ಲ. ಸಿಲ್ಕ್ ಬೋರ್ಡಿನ ವಾಹನಸಂದಣಿ ಕರಗುವವರೆಗೆ ಕಾಲಕ್ಷೇಪಕ್ಕೆಂದು ಕುಳಿತವರು. ಕೆಲಸಕ್ಕೂ ಮನೆಗೂ ನಡುವೆ, ಯಾರ ಅಧೀನಕ್ಕೂ ಸೇರದ ಒಂದು ತುಂಡು ಕಾಲವು ಮನುಷ್ಯನಿಗೆ ಬೇಕು. ಹಳ್ಳಿಯಲ್ಲಿ ಅದನ್ನು ಅರಳಿಕಟ್ಟೆ ಕೊಡುತ್ತಿತ್ತು, ಇಲ್ಲಿ ಹಣ ತೆತ್ತು ಕೊಳ್ಳಬೇಕಾಗಿದೆ.

ಮೊದಲು ಬಂದದ್ದು ಕಡಲೆಕಾಯಿ ಮಸಾಲೆ: ಹುರಿದ ಬೀಜ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಮೇಲೆ ಹಿಂಡಿದ ನಿಂಬೆಯ ರಸ. ಕರಿಬೇವು ಗರಿಗರಿಯಾಗಿ ಅಂಟಿಕೊಂಡಿದ್ದ ಕೋಳಿಯ ಪೆಪ್ಪರ್ ಡ್ರೈ ಅದರ ಹಿಂದೆಯೇ ಬಂದಿತು. ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ಸರಕಾರವು 2024ರ ಮಾರ್ಚಿನಲ್ಲಿ ನಿಷೇಧಿಸಿದ ಮೇಲೆ ಆ ಭಕ್ಷ್ಯವು ತನ್ನ ಸುಪ್ರಸಿದ್ಧ ರಕ್ತವರ್ಣವನ್ನು ಕಳೆದುಕೊಂಡಿದ್ದು, ಬಡ ಕಂದುಬಣ್ಣದಲ್ಲಿ ಕೊಂಚ ಸಂಕೋಚದಿಂದಲೇ ಮೇಜಿಗೆ ಬಂದಿತು; ನನಗಂತೂ ಅದು ಈ ವೇಷದಲ್ಲಿಯೇ ಹೆಚ್ಚು ರುಚಿಸಿತು. ಆದರೆ ಬಿಯರಿನ ಸಂಗತಿ ಬೇರೆ. ಉಚಿತದ ಗ್ಲಾಸನ್ನು ಮೊದಲನೆಯದರ ಜೊತೆಗೇ ತಂದಿಟ್ಟುಬಿಟ್ಟರು. ಮೊದಲನೆಯದನ್ನು ಸಾವಧಾನವಾಗಿ ಸವಿದರೆ ಎರಡನೆಯದು ನೊರೆಯಡಗಿ ಉಗುರುಬೆಚ್ಚಗಾಗುತ್ತದೆ. ಅದನ್ನು ಉಳಿಸಿಕೊಳ್ಳಹೊರಟರೆ ಮೊದಲನೆಯದನ್ನು ಔಷಧಿಯಂತೆ ನುಂಗಬೇಕಾಗುತ್ತದೆ. ಏಳಕ್ಕೆ ಐದು ನಿಮಿಷವಿರುವಾಗ ಮಾಣಿ ಬಂದು ‘ಲಾಸ್ಟ್ ಆರ್ಡರ್ ಸಾರ್’ ಎಂದಾಗ, ಪಕ್ಕದ ಮೇಜಿನವರು ಮುಂದಿನ ಎರಡು ತಾಸಿಗಾಗುವಷ್ಟನ್ನು ಒಮ್ಮೆಗೇ ತರಿಸಿಕೊಂಡರು.

ಮಾಲೀಕನನ್ನು ನಾನು ದೂರುವುದಿಲ್ಲ. ಬಾಡಿಗೆ, ಸಂಬಳ, ವಿದ್ಯುತ್ತು, ಪರವಾನಗಿಯ ಶುಲ್ಕ, ಇವೆಲ್ಲವೂ ಗಿರಾಕಿಯಿಲ್ಲದ ನಾಲ್ಕು ಗಂಟೆಗೂ ಗಿಜಿಗುಟ್ಟುವ ಒಂಬತ್ತು ಗಂಟೆಗೂ ಒಂದೇ ಸಮನಾಗಿ ಏರುತ್ತಿರುವಾಗ ಬರಿದಾದ ಕುರ್ಚಿಗಳನ್ನು ತುಂಬುವ ಉಪಾಯವನ್ನು ಯಾವ ವರ್ತಕನು ತಾನೇ ಮಾಡನು? ಆದರೆ ರಿಯಾಯಿತಿಯನ್ನು ಗ್ಲಾಸಿಗೇ ಏಕೆ ಕಟ್ಟಬೇಕು, ತಟ್ಟೆಗೆ ಕಟ್ಟಬಾರದೇ ಎಂಬುದಷ್ಟೇ ನನ್ನ ಪ್ರಶ್ನೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನವು 1984ರಲ್ಲಿಯೂ ಐರ್ಲೆಂಡು 2003ರಲ್ಲಿಯೂ ನಿಷೇಧಿಸಿದ್ದು ಹೊತ್ತು ನೋಡಿ ಮದ್ಯದ ಬೆಲೆಯಿಳಿಸುವುದನ್ನು. ಊಟದ ಬೆಲೆಯ ತಂಟೆಗೆ ಎರಡೂ ಹೋಗಲಿಲ್ಲ. ಹೊಟ್ಟೆಯಲ್ಲಿ ಆಹಾರವಿದ್ದರೆ ಮದ್ಯವು ಜಠರದಿಂದ ಸಣ್ಣ ಕರುಳಿಗೆ ನಿಧಾನವಾಗಿ ಇಳಿದು ರಕ್ತಕ್ಕೆ ಮೆಲ್ಲಮೆಲ್ಲನೆ ಸೇರುತ್ತದೆಂಬುದು ವೈದ್ಯರೂ ಕುಡುಕರೂ ಏಕಕಂಠದಿಂದ ಒಪ್ಪುವ ಅಪರೂಪದ ತತ್ತ್ವ. ಅಷ್ಟೇ ಅಲ್ಲ, ‘ಹ್ಯಾಪಿ ಅವರ್’ ಎಂಬ ಹೆಸರನ್ನು ಚಲಾವಣೆಗೆ ತಂದವರಲ್ಲಿ ಪ್ರಮುಖರು ಅಮೆರಿಕದ ‘ಅರ್ಕಾನ್ಸಾ’ ಯುದ್ಧನೌಕೆಯ ನಾವಿಕರು. 1913–14ರ ಸುಮಾರಿನಲ್ಲಿ ಅವರಿಗೆ ಹಾಗೆಂದರೆ ಮುಷ್ಟಿಯುದ್ಧ, ಕುಸ್ತಿ, ಸಂಗೀತಗಳ ವಿನೋದಕಾಲ. 1914ರ ಜುಲೈ 1ರಿಂದಂತೂ ಆ ನೌಕಾದಳದ ಹಡಗುಗಳಲ್ಲಿ ಮದ್ಯವೇ ನಿಷಿದ್ಧವಾಯಿತು.

ಪೀಣ್ಯದ ಕಾರ್ಮಿಕನಿಗಾದರೋ ಈ ಮುಹೂರ್ತವೇ ಇಲ್ಲ. ಲೇತಿನ ಮುಂದೆ ಎಂಟು ತಾಸು ನಿಂತವನು ಪಾಳಿ ಮುಗಿಸಿ, ಮದ್ಯದಂಗಡಿಯ ಕಟ್ಟೆಯ ಮುಂದೆಯೂ ನಿಂತುಕೊಂಡೇ ‘ನೈಂಟಿ’ಯೊಂದನ್ನು ಮುಗಿಸಿ, ಖಾರದ ಕಡಲೆಯ ಪೊಟ್ಟಣವೊಂದನ್ನು ಬಾಯಿಗೆ ಸುರಿದುಕೊಂಡು ಬಸ್ಸು ಹಿಡಿಯುತ್ತಾನೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಗಿ, ಪ್ಲಾಸ್ಟಿಕ್ಕಿನ ಪೊಟ್ಟಣ ಹೋಗಿ ಕಾಗದದ ಡಬ್ಬಿಯ ವಿಸ್ಕಿ ಬಂದಿತು. ಕುಳಿತುಕೊಳ್ಳಲು ಕುರ್ಚಿ ಮಾತ್ರ ಬರಲಿಲ್ಲ. ಅರ್ಧ ಬೆಲೆಗೆ ಒಂದು ತಟ್ಟೆ ಬೋಟಿಯೋ ಬೇಯಿಸಿದ ಮೊಟ್ಟೆಯೋ, ಜೊತೆಗೆ ಒಂದು ಬೆಂಚೂ ಅವನಿಗೆ ದೊರೆಯುವಂತಾದರೆ, ಆ ಹೊತ್ತನ್ನು ಯಾವ ಭಾಷೆಯಲ್ಲಿ ಏನೆಂದು ಕರೆದರೂ ನನಗೆ ಸಮ್ಮತ.

ನಮ್ಮ ಬಿಲ್ಲು ಬಂದಿತು. ಬಿಯರಿಗೆ ಅರ್ಧ ಬೆಲೆ, ಕಡಲೆಕಾಯಿಗೆ ಪೂರ್ತಿ. ಅಷ್ಟರಲ್ಲಿ ಸೋದರಳಿಯನ ಫೋನು ಮೊಳಗಿತು; ಅಮೆರಿಕದಲ್ಲಿ ಬೆಳಗಾಗಿತ್ತು, ಅವನು ಬೆಚ್ಚಗಾದ ಎರಡನೆಯ ಗ್ಲಾಸನ್ನು ಅಲ್ಲಿಯೇ ಬಿಟ್ಟು ಆಫೀಸಿಗೆ ಮರಳಿದನು. ನಾನು ಉಳಿದ ಕಡಲೆಕಾಯಿಯನ್ನು ಪೊಟ್ಟಣ ಕಟ್ಟಿಸಿಕೊಂಡು, 2025ರ ಆಗಸ್ಟಿನಿಂದ ಬೊಮ್ಮಸಂದ್ರದವರೆಗೆ ಓಡುತ್ತಿರುವ ಹಳದಿ ಮಾರ್ಗದ ಮೆಟ್ರೋ ಹತ್ತಿದೆನು. ರೈಲಿನಲ್ಲಿ ಏನನ್ನೂ ತಿನ್ನಕೂಡದೆಂಬ ನಿಯಮವಿರುವುದರಿಂದ, ನಿಂಬೆಯ ವಾಸನೆಯನ್ನು ಸೂಸುತ್ತಿದ್ದ ಆ ಪೊಟ್ಟಣವು ರಾಷ್ಟ್ರೀಯ ವಿದ್ಯಾಲಯ ರಸ್ತೆಯ ನಿಲ್ದಾಣದವರೆಗೂ ಜೇಬಿನಲ್ಲಿಯೇ ಕುಳಿತಿತ್ತು.