ಪೊರೆ ಬಲಿಯಲಿ ಎಂದು ಕಾಯಬೇಕೇ?

ಈರುಳ್ಳಿ ರಸಕ್ಕೆ ಜೇನುತುಪ್ಪ ಬೆರೆಸಿ ಕಣ್ಣಿಗೆ ಬಿಟ್ಟರೆ ಪೊರೆ ಕರಗುತ್ತದೆ, ಕನ್ನಡಕವೂ ಬೇಕಿಲ್ಲ ಎನ್ನುವ ಬಗೆಯ ಫಾರ್ವರ್ಡ್‌ಗಳನ್ನು ನೀವೂ ನೋಡಿರುತ್ತೀರಿ. ಇದು ನಿಜವೇ?

ಅಲ್ಲ. ಪೊರೆ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಅದು ಹಾಲಿನ ಕೆನೆಯಂತೆ ಕಣ್ಣಿನ ಮೇಲೆ ಕಟ್ಟಿದ ಪದರವಲ್ಲ. ಪಾಪೆಯ ಹಿಂದಿರುವ ಮಸೂರವೇ ವಯಸ್ಸಾದಂತೆ ಮಬ್ಬಾಗುವುದು, ಬೆಂದ ಮೊಟ್ಟೆಯ ಬಿಳಿ ಭಾಗದ ಹಾಗೆ. ಬೆಂದದ್ದನ್ನು ಮತ್ತೆ ಹಸಿ ಮಾಡುವ ಹನಿ ಯಾವುದೂ ಇಲ್ಲ. ರಸದಿಂದ ಆಗುವುದು ಉರಿ, ಕೆಲವೊಮ್ಮೆ ಹುಣ್ಣು.

ಹಾಗಾದರೆ "ನಮ್ಮಜ್ಜಿಗೆ ಗುಣವಾಯಿತು" ಎನ್ನುವವರೆಲ್ಲ ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲದಿರಬಹುದು. ನಲವತ್ತು ದಾಟಿದ ಮೇಲೆ ಮಸೂರ ತನ್ನ ಮೃದುತನ ಕಳೆದುಕೊಂಡು, ಹತ್ತಿರದ್ದನ್ನು ನೋಡಲು ಚಾಳೀಸು ಬೇಕಾಗುತ್ತದೆ. ಮುಂದೆ ಮಸೂರದ ನಡುಭಾಗದಲ್ಲಿ ಪೊರೆ ಶುರುವಾದಾಗ ಅದರ ಪವರ್ ಹೆಚ್ಚಿ, ಕಣ್ಣು ಸಮೀಪದೃಷ್ಟಿಯ ಕಡೆಗೆ ವಾಲುತ್ತದೆ. ಆಗ ಅಜ್ಜಿ ಚಾಳೀಸಿಲ್ಲದೆ ಸೂಜಿಗೆ ದಾರ ಪೋಣಿಸಿಬಿಡಬಹುದು! ಬಸ್ಸಿನ ಬೋರ್ಡು ಮಾತ್ರ ಇನ್ನಷ್ಟು ಮಸುಕು. ಪೊರೆ ಹೆಚ್ಚುತ್ತಿರುವುದರ ಲಕ್ಷಣಕ್ಕೆ ಈರುಳ್ಳಿ ರಸ ಶ್ರೇಯ ಪಡೆಯುತ್ತದೆ. ಪೊರೆ ದಟ್ಟವಾದಂತೆ ಈ ಅನುಕೂಲವೂ ಹೋಗುತ್ತದೆ.

ರಸಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವುದು "ಪೊರೆ ಇನ್ನೂ ಬಲಿತಿಲ್ಲ, ಕಾಯೋಣ" ಎಂಬ ಮಾತು ಎಂದು ನಮಗನಿಸುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಂಥ ತೆಂಗಿನ ಸೀಮೆಯಲ್ಲಿ ಕಾಯಿ ಬಲಿಯಲಿ ಎಂದು ಕಾಯುವುದು ಸರಿ. ಕಣ್ಣಿಗೆ ಆ ಲೆಕ್ಕ ಹೊಂದುವುದಿಲ್ಲ.

ಈ ಮಾತು ಒಂದು ಕಾಲಕ್ಕೆ ನಿಜವೇ ಆಗಿತ್ತು. ಊರೂರಲ್ಲಿ ಶಿಬಿರ ನಡೆಸಿದ ಡಾ. ಎಂ.ಸಿ. ಮೋದಿ ಅವರನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ಅವರ ಹೆಸರು ಗಿನ್ನೆಸ್ ದಾಖಲೆಯಲ್ಲಿದೆ. ಆಗಿನ ಶಿಬಿರಗಳಲ್ಲಿ ಮಸೂರವನ್ನು ತೆಗೆಯುತ್ತಿದ್ದರು, ಬದಲಿಗೆ ಏನನ್ನೂ ಇಡುತ್ತಿರಲಿಲ್ಲ. ಆಮೇಲೆ ಸೋಡಾಬುಡ್ಡಿ ಕನ್ನಡಕವೇ ಗತಿ. ಅಷ್ಟಿಷ್ಟು ಕಾಣುವವರಿಗೆ ಅದರಿಂದ ಲಾಭಕ್ಕಿಂತ ತೊಂದರೆಯೇ ಹೆಚ್ಚು, ಹಾಗಾಗಿ ಬಲಿಯಲಿ ಎನ್ನುತ್ತಿದ್ದರು.

ಹೆರಾಲ್ಡ್ ರಿಡ್ಲಿ ಲಂಡನ್ನಿನಲ್ಲಿ ಕಣ್ಣೊಳಗೆ ಕೃತಕ ಮಸೂರ ಇಟ್ಟದ್ದು 1949ರಲ್ಲಿ. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ ಕಂಪನದಿಂದ ಪೊರೆಯನ್ನು ಪುಡಿ ಮಾಡಿ ಹೀರುವ ಫ್ಯಾಕೋ ವಿಧಾನ ತಂದರು. ಈಗ ಲೆಕ್ಕ ತಿರುಗಿದೆ: ಪೊರೆ ಬಲಿತು ಗಟ್ಟಿಯಾದಷ್ಟೂ ಪುಡಿ ಮಾಡುವುದು ಕಷ್ಟ. ತೀರಾ ಬಲಿತರೆ ಕಣ್ಣಿನೊತ್ತಡ ಏರಿ, ವಿಪರೀತ ನೋವಾಗಿ, ನರ ಹಾಳಾಗಬಹುದು. ಹಾಗೆ ಹೋದ ದೃಷ್ಟಿ ಯಾವ ಶಸ್ತ್ರಚಿಕಿತ್ಸೆಯಿಂದಲೂ ಮರಳದು.

ಕಾಯುವುದರಲ್ಲಿ ಇನ್ನೊಂದು ಅಪಾಯವಿದೆ. ಮಬ್ಬಾದದ್ದೆಲ್ಲ ಪೊರೆಯಲ್ಲ. ಗ್ಲಾಕೋಮಾ ಹೆಚ್ಚಿನವರಲ್ಲಿ ನೋವಿಲ್ಲದೆ ಅಂಚಿನ ನೋಟವನ್ನು ಕಸಿಯುತ್ತದೆ. ಸಕ್ಕರೆ ಕಾಯಿಲೆ ರೆಟಿನಾವನ್ನು ಕೆಡಿಸುತ್ತದೆ. ಪೊರೆ ಎಂದುಕೊಂಡು ಕುಳಿತವರಿಗೆ ಇವೆರಡೂ ಗೊತ್ತೇ ಆಗುವುದಿಲ್ಲ. ಚನ್ನರಾಯಪಟ್ಟಣದ ತಾಲ್ಲೂಕು ಆಸ್ಪತ್ರೆಯಲ್ಲೋ ಹಾಸನದ ಹಿಮ್ಸ್‌ನಲ್ಲೋ ಒಮ್ಮೆ ತೋರಿಸಿ. 1976ರಿಂದ ನಡೆಯುತ್ತಿರುವ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆ ಶಸ್ತ್ರಚಿಕಿತ್ಸೆ ಉಚಿತ. ಚಳಿಗಾಲವೇ ಬರಬೇಕೆಂದಿಲ್ಲ. ದಿನನಿತ್ಯದ ಕೆಲಸಕ್ಕೆ ಕಣ್ಣು ಅಡ್ಡಿಯಾಗುತ್ತಿದ್ದರೆ ಅದೇ ಸಮಯ.

ಅಂದಹಾಗೆ, ಶಸ್ತ್ರಚಿಕಿತ್ಸೆಯಾದವರಿಗೆ ಕೆಲವು ತಿಂಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಸುಕಾದರೆ "ಪೊರೆ ವಾಪಸ್ ಬಂತು" ಎನ್ನುತ್ತಾರೆ. ತೆಗೆದ ಪೊರೆ ಮತ್ತೆ ಬರುವುದಿಲ್ಲ. ಕೃತಕ ಮಸೂರದ ಹಿಂದಿನ ತೆಳು ಚೀಲ ಮಬ್ಬಾಗಿರಬಹುದು. ಅದಕ್ಕೆ ಹೊಲಿಗೆ, ಕತ್ತರಿ ಏನೂ ಬೇಡ, ಕೆಲವೇ ನಿಮಿಷಗಳ ಲೇಸರ್ ಸಾಕು.