ಕಲ್ಲಿನ ಕತೆ, ಭಾಗ 5: ಬಂಡೆ ಮ್ಯಾಲೆ ಹೆಸರು ಬರಿಯೋ ಮುಂಚೆ

ಮೊದಲನೇ ಫೋಟೋ ನೋಡಿ ನಗಬ್ಯಾಡ್ರಿ. ಗೋಕಾಕ ಫಾಲ್ಸ್ ದಂಡಿಯ ಬಂಡೆ ಮ್ಯಾಲೆ ಬಿಳಿ ಪೇಂಟಿನಾಗ ಬರೆದ ಆ ಸೊಟ್ಟ ಅಕ್ಷರ ನನ್ನವೇ. ಒಂಬತ್ತನೇ ಕ್ಲಾಸಿನಾಗ ಇದ್ದಾಗ ದೋಸ್ತರ ಜೋಡಿ ಹೋಗಿ ಬರೆದದ್ದು. ಹೋದ ವಾರ ಮತ್ತ ಹೋದಾಗ ಪೇಂಟ್ ಅರ್ಧ ಉದುರಿತ್ತು. ಅದರ ಬಾಜೂಕ ಸಾಲು ಸಾಲಾಗಿ ಉಬ್ಬು ಗೆರೆ ಕಂಡವು. ಹಿಡಕಲ್ ಡ್ಯಾಮಿನ ಹಿನ್ನೀರು ಇಳಿದಾಗ ದಂಡಿಯ ಮರಳಿನ ಮ್ಯಾಲೆ ತೆರೆ ಬಿಟ್ಟು ಹೋದ ಗುರುತು ನೋಡೀರಲ್ಲ, ಹಂಗೇ. ಆದರ ಇವು ಕಲ್ಲಿನಾಗ ಇದ್ದವು.

ಗೋಕಾಕದ ಈ ಮರಳುಗಲ್ಲು ಕಲಾದಗಿ ಶಿಲಾಸಮೂಹಕ್ಕೆ ಸೇರಿದ್ದು. ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ ನಮ್ಮ ಸೀಮೆಯ ಕಲ್ಲುಗಳ ಮ್ಯಾಲೆ 1876ರಲ್ಲೇ ದೊಡ್ಡ ವರದಿ ಬರೆದಿದ್ದಾರೆ. ಈ ಸಮೂಹದ ಹಳೆಯ ಪದರಗಳಿಗೆ ನೂರು ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಹುಕ್ಕೇರಿ ಕಡೆ ಕಾಣೋ ಕರಿಕಲ್ಲು ಜ್ವಾಲಾಮುಖಿಯ ಲಾವಾ, ಅದಕ್ಕೆ ಬರೇ 6.6 ಕೋಟಿ ವರ್ಷ. ಇದರ ಮುಂದೆ ಅದು ಕೂಸು.

ಆಗ ಇಲ್ಲಿ ಆಳವಿಲ್ಲದ ಕಡಲಿತ್ತು. ಮೀನಿಲ್ಲ, ಹುಲ್ಲಿಲ್ಲ, ಹುಳ ಸುದ್ದಾ ಇಲ್ಲ. ಇದ್ದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಅವು ಅಂಟಂಟು ಹಾಸಿನಂಗ ಬೆಳೆದು, ಕೆಸರು ಹಿಡಿದಿಟ್ಟು, ಪದರದ ಮ್ಯಾಲೆ ಪದರ ಕಟ್ಟಿದವು. ಪಕ್ಕದ ಬಾಗಲಕೋಟೆ ಜಿಲ್ಲೆಯ ಕಲಾದಗಿ ಸುಣ್ಣದ ಕಲ್ಲುಗಳಲ್ಲಿ ಆ ಪದರಗಳು ಇನ್ನೂ ಇವೆ, ಕೊಯ್ದ ಉಳ್ಳಾಗಡ್ಡಿ ಹಂಗ. ಹೆಸರು ಸ್ಟ್ರೊಮಾಟೊಲೈಟ್.

ಇನ್ನು ಹಿಮದ ಮಾತು. ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ ಕಲ್ಲಿನೊಳಗೆ ಕಲ್ಲು ಹುದುಗಿದ ಒಂದು ಶಿಲೆ ಐತಿ. ಸುಮಾರು 270 ಕೋಟಿ ವರ್ಷದ ಹಿಂದೆ ಹಿಮ ಹೊತ್ತು ತಂದು ಕಡಲಿಗೆ ಕೆಡವಿದ ಕಲ್ಲುಗಳು ಅವು ಅಂತ ಕೆಲವು ಭೂವಿಜ್ಞಾನಿಗಳು 2014ರಲ್ಲಿ ವಾದ ಮಂಡಿಸಿದರು. ನಮ್ಮ ಬಿರುಬಿಸಿಲ ನಾಡಿನಾಗ ಹಿಮ! ಕಲಾದಗಿಯ ಹಳೆ ಪದರ ಗಟ್ಟಿಯಾದ ಎಷ್ಟೋ ಕಾಲದ ಮೇಲೆ, ಸುಮಾರು 72 ಕೋಟಿಯಿಂದ 63.5 ಕೋಟಿ ವರ್ಷದ ಹಿಂದಿನ ನಡುವೆ, ಭೂಮಿ ಎರಡು ಸಲ ಹೆಪ್ಪುಗಟ್ಟಿತು. ಹಿಮ ಸಮಭಾಜಕ ವೃತ್ತದ ಹತ್ತಿರಕ್ಕೂ ಬಂದಿತ್ತು. ಜ್ವಾಲಾಮುಖಿಗಳು ಉಗುಳಿದ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ತುಂಬಿ ತುಂಬಿ, ಕಡೆಗೆ ಬಿಸಿಯೇರಿ ಅದು ಕರಗಿತು.

ಅಷ್ಟು ಥಂಡಿಯೊಳಗೂ ಆ ಸಣ್ಣ ಜೀವಿಗಳ ವಂಶ ಅಳಿಯಲಿಲ್ಲ. ಹಿಮ ಕರಗಿದ ಮೇಲಿನ ಪದರಗಳಲ್ಲೇ ಕಣ್ಣಿಗೆ ಕಾಣುವಷ್ಟು ದೊಡ್ಡ ಪ್ರಾಣಿಗಳ ಗುರುತು ಸಿಗೋದು. ಅವು ಉಳಿಯದೇ ಹೋಗಿದ್ದರ ನಾನೂ ಇಲ್ಲ, ಪೇಂಟ್ ಡಬ್ಬಿಯೂ ಇಲ್ಲ.

"ಕಲ್ಲಲ್ಲೇನು, ಬರೆದರ ಏನಾಗ್ತೈತಿ?" ಅಂತ ಒಬ್ಬ ದೋಸ್ತ ಕೇಳಿದ. ನಿಜ, ಪೇಂಟ್ ಹತ್ತು ಮಳೆಗೆ ಹೋಗ್ತದೆ. ಆದರೆ ಮೊಳೆಯಿಂದ ಕೆತ್ತಿದ್ದು ಹೋಗೋದಿಲ್ಲ. ತೆರೆಯ ಗುರುತಿನ ಮೇಲೆ ಒಂದು ಹೃದಯ, ಎರಡು ಅಕ್ಷರ ಕೆತ್ತಿದರೆ ಆ ದಿನದ ಕಡಲು ಅಳಿಸಿದಂಗ. ಇನ್ನೊಂದು ಪ್ರತಿ ಎಲ್ಲಿಂದ ತರೋದು?

ಕಲ್ಲು ಒಡೀಲೇಬಾರದು ಅಂತ ನಾ ಹೇಳಂಗಿಲ್ಲ. ನಮ್ಮ ಮನಿಗೂ ಸಿಮೆಂಟ್ ಬೇಕು, ರಸ್ತೆಗೆ ಖಡಿ ಬೇಕು. ಒಡಿಯೋ ಮುಂಚೆ ಒಮ್ಮೆ ಓದ್ರಿ ಅನ್ನೋದಷ್ಟೇ ನನ್ನ ಮಾತು. ಸ್ಟ್ರೊಮಾಟೊಲೈಟ್ ಇರೋ ಒಂದೆರಡು ಜಾಗಕ್ಕಾದರೂ ಬೇಲಿ ಹಾಕಿ ಬೋರ್ಡ್ ನೆಡಬೇಕು. ಶಾಲೆಯವರು ಪಿಕ್ನಿಕ್‌ಗೆ ಫಾಲ್ಸ್ ತೋರಿಸಿದಾಗ ನೀರಿನ ಜೋಡಿ ಐದು ನಿಮಿಷ ಬಂಡೆಯನ್ನೂ ತೋರಿಸಬೇಕು. ನನಗೆ ಯಾರಾದ್ರೂ ತೋರಿಸಿದ್ದರ ಆ ಡಬ್ಬಿ ಮನ್ಯಾಗೇ ಬಿಟ್ಟು ಹೋಗ್ತಿದ್ದೆ.

ಹಿಡಕಲ್‌ನಿಂದ ನೀರು ಬಿಟ್ಟಾಗ ಫಾಲ್ಸ್ ನೋಡಾಕ ಎಲ್ಲಾರೂ ಬರ್ತೀರಿ. ಈ ಸಲ ನೀರು ಕಡಿಮಿ ಇದ್ದಾಗ ಬರ್ರಿ, ಜಾರೋ ಕಡೆ ಹೋಗಬ್ಯಾಡ್ರಿ. ತೆರೆ ಗೆರೆ ಕಂಡರ ಪಕ್ಕದಾಗ ಒಂದು ಪೆನ್ ಇಟ್ಟು ಫೋಟೋ ತೆಗೀರಿ, ಅಳತೆ ಗೊತ್ತಾಗ್ತದೆ. ಊರ ಹೆಸರು ಬರೆದು ನನಗೆ ಕಳಸ್ರಿ, ಭಾಗ 6ರಾಗ ಹಾಕ್ತೀನಿ. ಕಲ್ಲು ಮಾತ್ರ ಅಲ್ಲೇ ಇರಲಿ.

#ಕಲ್ಲಿನಕತೆ #ಹಿಡಕಲ್ #ಗೋಕಾಕ #ಘಟಪ್ರಭಾ